ಪ್ರಾಯೋಗಿಕ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಅಧ್ಯಯನ: ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಮನೋವಿಜ್ಞಾನವನ್ನು ಐಚ್ಛಿಕ ವಿಷಯವಾಗಿ ಓದಿದ ವಿದ್ಯಾರ್ಥಿಗಳನ್ನು ಮುಂದೇನು ಎಂದು ಕೇಳಿದರೆ, ಆಪ್ತಸಮಾಲೋಚನೆ ಇಲ್ಲವೇ ಚಿಕಿತ್ಸಾ ಮನೋವಿಜ್ಞಾನ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಗಮನ, ನೆನಪು, ಗ್ರಹಿಕೆ, ಕಲಿಕೆ, ಭಾಷೆ, ನಿರ್ಧಾರ ಇವೆಲ್ಲ ಮನಸ್ಸಿನಲ್ಲಿ ಹೇಗೆ ನಡೆಯುತ್ತವೆ ಎಂಬುದನ್ನು ಅಳೆದು ತಿಳಿಯುವ ಪ್ರಾಯೋಗಿಕ ಮನೋವಿಜ್ಞಾನದ ಹೆಸರು ಆ ಮಾತುಕತೆಯಲ್ಲಿ ಅಪರೂಪಕ್ಕೂ ಕೇಳಿಸುವುದಿಲ್ಲ. ಪದವಿಯ ಪ್ರಾಯೋಗಿಕ ತರಗತಿಯಲ್ಲಿ ಸಮನಾದ ಎರಡು ಗೆರೆಗಳು ಉದ್ದದಲ್ಲಿ ಬೇರೆಯೆನಿಸುವ ಮ್ಯೂಲರ್-ಲಯರ್ ಭ್ರಮೆಯ ಹಲಗೆಯನ್ನು ಸರಿಸಿ, ದಾಖಲೆ ಪುಸ್ತಕದಲ್ಲಿ ಸರಾಸರಿ ಬರೆದು, ಸಹಿ ಹಾಕಿಸಿಕೊಂಡ ಮೇಲೆ ಆ ಅಧ್ಯಾಯ ಮುಗಿದೇಹೋಯಿತು ಎಂದು ಅನೇಕರು ಭಾವಿಸುತ್ತಾರೆ. ನಿಜಕ್ಕೂ ಅದು ಶುರುವಾಗುವುದೇ ಅಲ್ಲಿಂದ. ಈ ಕ್ಷೇತ್ರದಲ್ಲಿ ಪ್ರವೇಶ, ಶಿಷ್ಯವೇತನ, ಕೆಲಸ ಮೂರನ್ನೂ ತಂದುಕೊಡುವುದು ಒಂದು ಪ್ರಶ್ನೆಯನ್ನು ಪ್ರಯೋಗವಾಗಿ ಕಟ್ಟಿ, ನಡೆಸಿ, ಲೆಕ್ಕ ಹಾಕಿ, ಬರೆದು ತೋರಿಸಬಲ್ಲ ಸಾಮರ್ಥ್ಯ ಎಂಬುದು ನನ್ನ ದೃಢ ಅಭಿಪ್ರಾಯ. ಕೆಳಗಿನ ಪ್ರತಿ ಹಂತವನ್ನೂ ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಮೊದಲ ಹಂತ: ಇದು ನಿಮ್ಮ ದಾರಿಯೇ ಎಂದು ನೋಡಿಕೊಳ್ಳಿ

1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಸ್ಥಾಪಿಸಿದ ಪ್ರಯೋಗಾಲಯದಿಂದ ಈ ಶಾಖೆಯ ಚರಿತ್ರೆಯನ್ನು ಎಣಿಸುವುದು ವಾಡಿಕೆ. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂಬುದರ ರೇಖೆಯನ್ನು ಲೋಕದ ಮುಂದಿಟ್ಟರು. ಕಲ್ಕತ್ತ ವಿಶ್ವವಿದ್ಯಾಲಯ 1916ರಲ್ಲಿ ಎನ್.ಎನ್. ಸೇನ್‌ಗುಪ್ತ ಅವರ ನೇತೃತ್ವದಲ್ಲಿ ಈ ವಿಷಯದ ಬೋಧನೆ ಆರಂಭಿಸಿತು. ನಮ್ಮಲ್ಲಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ತರಬೇತಿ ಪಡೆದು ಬಂದ ಅವರು, 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಹೌದು. ಉಪಕರಣ ಜೋಡಿಸುವ ಆಸಕ್ತಿಯೂ ಮನಸ್ಸನ್ನು ಅರಿಯುವ ಕುತೂಹಲವೂ ಒಬ್ಬರಲ್ಲೇ ಕೂಡಿಬಂದಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ನನಗೆ ಕಾಣುವುದಿಲ್ಲ.

ದುಃಖದಲ್ಲಿರುವವರ ಮಾತು ಕೇಳಿ ನೆರವಾಗುವುದೇ ನಿಮ್ಮ ಮುಖ್ಯ ಆಸೆಯಾಗಿದ್ದರೆ ಈ ದಾರಿ ಹಿಡಿಯಬೇಡಿ. ಚಿಕಿತ್ಸಾ ಮನೋವಿಜ್ಞಾನಿಯಾಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಬೇಕು. ಪ್ರಾಯೋಗಿಕ ಮನೋವಿಜ್ಞಾನದ ಪದವಿ ಎಷ್ಟೇ ದೊಡ್ಡದಾದರೂ ಆ ಅಧಿಕಾರವನ್ನು ಕೊಡುವುದಿಲ್ಲ. ಅದಕ್ಕೆ ಬದಲಾಗಿ, ಪಿಯುಸಿ ಹುಡುಗನೊಬ್ಬ ಓದಿದ್ದನ್ನು ಪರೀಕ್ಷೆಯ ಹೊತ್ತಿಗೆ ಏಕೆ ಮರೆಯುತ್ತಾನೆ, ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟವನ ಗಮನ ಎಷ್ಟು ಕುಗ್ಗಿರುತ್ತದೆ ಎಂಬಂಥ ಪ್ರಶ್ನೆಗಳು ನಿಮ್ಮನ್ನು ಕಾಡುತ್ತಿದ್ದರೆ, ಅವುಗಳ ಉತ್ತರಕ್ಕಾಗಿ ತಿಂಗಳುಗಟ್ಟಲೆ ಅಂಕಿಸಂಖ್ಯೆಗಳೊಂದಿಗೆ ಕುಳಿತುಕೊಳ್ಳುವ ತಾಳ್ಮೆ ಇದ್ದರೆ, ಮುಂದೆ ಓದಿ.

ಎರಡನೆಯ ಹಂತ: ಪದವಿಯಲ್ಲಿರುವಾಗಲೇ ಸಂಖ್ಯಾಶಾಸ್ತ್ರಕ್ಕೆ ಕೈ ಹಾಕಿ

ಕಲಾ ವಿಭಾಗದಿಂದ ಬಂದವರು ಅಂಜುವುದು ಇಲ್ಲಿಯೇ. ಆದರೆ ಬೇಕಾಗುವ ಗಣಿತ ಎಸ್ಸೆಸ್ಸೆಲ್ಸಿ ಮಟ್ಟವನ್ನು ಬಹಳವೇನೂ ದಾಟುವುದಿಲ್ಲ. ಸರಾಸರಿ, ಮಾನಕ ವಿಚಲನೆ, ಸಹಸಂಬಂಧ, ಎರಡು ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆ, ಎಫ್-ಪರೀಕ್ಷೆಯ ಮೇಲೆ ನಿಂತು ಹಲವು ಸರಾಸರಿಗಳನ್ನು ಹೋಲಿಸುವ ಅನೋವ, ಹಿಂಚಲನ ವಿಶ್ಲೇಷಣೆ (ರಿಗ್ರೆಷನ್) ಇಷ್ಟನ್ನು ಮೊದಲು ಕೈಬರಹದಲ್ಲೇ ಸಣ್ಣ ಅಂಕಿಗಳಿಂದ ಮಾಡಿ ಕಲಿಯಿರಿ. ಆಮೇಲೆ ಕಂಪ್ಯೂಟರಿಗೆ ಹೋಗಿ. ‘ಆರ್’ ಮತ್ತು ‘ಜಾಸ್ಪ್’ ಎಂಬ ಲೆಕ್ಕಾಚಾರದ ತಂತ್ರಾಂಶಗಳೂ, ಪ್ರಯೋಗಗಳನ್ನು ಪರದೆಯ ಮೇಲೆ ನಡೆಸಲು ಬಳಸುವ ‘ಸೈಕೋಪೈ’ ತಂತ್ರಾಂಶವೂ ಪೂರ್ತಿ ಉಚಿತ. ಜಾಸ್ಪ್ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು, ಸೈಕೋಪೈ ನಾಟಿಂಗ್‌ಹ್ಯಾಮ್‌ನಲ್ಲಿ ಜೊನಾಥನ್ ಪಿಯರ್ಸ್ ಆರಂಭಿಸಿದ್ದು. ಎರಡೂ ಸಾಧಾರಣ ಲ್ಯಾಪ್‌ಟಾಪಿನಲ್ಲಿ ನಡೆಯುತ್ತವೆ. ಸೈಕೋಪೈ ಬಳಸುತ್ತ ಪೈಥಾನ್ ಭಾಷೆಯ ಪರಿಚಯವೂ ಆಗುತ್ತದೆ, ಅದರ ಬೆಲೆ ಉದ್ಯೋಗದ ಹಂತದಲ್ಲಿ ತಿಳಿಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ಮಾತು. ಸಂಶೋಧನಾ ಲೇಖನಗಳು ಇಂಗ್ಲಿಷಿನಲ್ಲಿರುತ್ತವೆ, ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಲೇಖನವನ್ನು ಮೊದಲ ಸಾಲಿನಿಂದ ಓದಲು ಹೊರಟು ಸೋಲಬೇಕಾಗಿಲ್ಲ. ಮೊದಲು ಚಿತ್ರ ಮತ್ತು ಕೋಷ್ಟಕಗಳನ್ನು ನೋಡಿ, ಆಮೇಲೆ ವಿಧಾನದ ಭಾಗವನ್ನು ಓದಿ, ಯಾರ ಮೇಲೆ ಏನು ಮಾಡಿದರು, ಏನನ್ನು ಅಳೆದರು ಎಂಬುದನ್ನು ಕನ್ನಡದಲ್ಲೇ ಅರ್ಧ ಪುಟ ಬರೆದಿಡಿ. ವಿಧಾನದ ಭಾಗದ ಭಾಷೆ ಸರಳ, ಮತ್ತೆ ಮತ್ತೆ ಅದೇ ಪದಗಳು ಬರುತ್ತವೆ. ವಾರಕ್ಕೊಂದು ಲೇಖನವನ್ನು ಹೀಗೆ ಓದುವವರಿಗೆ ಒಂದು ವರ್ಷದಲ್ಲಿ ಭಾಷೆಯ ಅಂಜಿಕೆ ಬಹುಪಾಲು ಕಳೆಯುತ್ತದೆ.

ಮೂರನೆಯ ಹಂತ: ನಿಮ್ಮದೇ ಒಂದು ಪ್ರಯೋಗ ನಡೆಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಪಾಲಿಸುವಷ್ಟು ಸಮಯ ನಿಮಗಿದ್ದರೆ ಇದನ್ನೇ ಆರಿಸಿಕೊಳ್ಳಿ. ಉದಾಹರಣೆಗೆ, 1935ರಲ್ಲಿ ಜೆ. ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗವನ್ನು ಕನ್ನಡದಲ್ಲಿ ಮಾಡಬಹುದು. ‘ಕೆಂಪು’ ಎಂಬ ಪದವನ್ನು ನೀಲಿ ಶಾಯಿಯಲ್ಲಿ ಅಚ್ಚು ಮಾಡಿ, ಪದವನ್ನು ಓದದೆ ಶಾಯಿಯ ಬಣ್ಣವನ್ನು ಹೇಳಿ ಎಂದರೆ ನಾಲಿಗೆ ತಡವರಿಸುತ್ತದೆ. ಓದುವುದು ನಮಗೆ ಅಷ್ಟು ಅನೈಚ್ಛಿಕವಾಗಿಬಿಟ್ಟಿದೆ. ಆ ತಡವರಿಕೆ ಎಷ್ಟು ಎಂಬುದನ್ನು ಅಳೆಯುವುದು ನಿಮ್ಮ ಕೆಲಸ.

ಎರಡು ಹಾಳೆಗಳನ್ನು ಸಿದ್ಧಪಡಿಸಿ. ಒಂದರಲ್ಲಿ ಪದವೂ ಶಾಯಿಯೂ ಹೊಂದುವ ನಲವತ್ತು ಪದಗಳು, ಇನ್ನೊಂದರಲ್ಲಿ ಹೊಂದದ ನಲವತ್ತು. ಕೆಂಪು, ಹಸಿರು, ನೀಲಿ ಸರಿ. ನಾಲ್ಕನೆಯದಾಗಿ ಹಳದಿಯನ್ನು ಹಾಕಬೇಡಿ, ಬಿಳಿ ಹಾಳೆಯ ಮೇಲೆ ಹಳದಿ ಅಕ್ಷರ ಸರಿಯಾಗಿ ಕಾಣದೆ, ನೀವು ಅಳೆಯುವುದು ಮನಸ್ಸಿನ ತಡೆಯನ್ನೋ ಕಣ್ಣಿನ ಕಷ್ಟವನ್ನೋ ಎಂಬುದೇ ಗೊಂದಲವಾಗುತ್ತದೆ. ಕಪ್ಪು ಉತ್ತಮ. ಬಣ್ಣಗುರುಡು ಇದೆಯೇ ಎಂದು ಭಾಗವಹಿಸುವವರನ್ನು ಮೊದಲೇ ಕೇಳಿ. ಅರ್ಧ ಜನರಿಗೆ ಮೊದಲು ಹೊಂದುವ ಹಾಳೆ, ಉಳಿದರ್ಧಕ್ಕೆ ಮೊದಲು ಹೊಂದದ ಹಾಳೆ ಕೊಡಿ. ಇಲ್ಲದಿದ್ದರೆ ಎರಡನೆಯ ಹಾಳೆಗೆ ಬರುವ ಹೊತ್ತಿಗೆ ಆದ ಅಭ್ಯಾಸ ಅಥವಾ ದಣಿವು ಫಲಿತಾಂಶದೊಳಗೆ ಸೇರಿಬಿಡುತ್ತದೆ. ಬೆರಳಿನಿಂದ ಸ್ಟಾಪ್‌ವಾಚ್ ಒತ್ತುವಾಗ ನಿಮ್ಮದೇ ಪ್ರತಿಕ್ರಿಯೆಗೆ ಸುಮಾರು 200 ಮಿಲಿಸೆಕೆಂಡು ಹಿಡಿಯುತ್ತದೆ. ಇಡೀ ಹಾಳೆಯ ಸಮಯವನ್ನು ಅಳೆಯುವಾಗ ಅದರಿಂದ ದೊಡ್ಡ ಬಾಧೆಯಿಲ್ಲ. ಒಂದೊಂದೇ ಪದದ ಪ್ರತಿಕ್ರಿಯಾ ಕಾಲ ಬೇಕೆಂದರೆ ಮಾತ್ರ ಸೈಕೋಪೈ ಬಳಸಲೇಬೇಕು.

ಬಳ್ಳಾರಿಯ ಬೇಸಿಗೆಯನ್ನು ಮರೆಯುವಂತಿಲ್ಲ. ನಲವತ್ತು ಡಿಗ್ರಿ ದಾಟಿದ ಏಪ್ರಿಲ್ ಮಧ್ಯಾಹ್ನದಲ್ಲಿ, ಕರೆಂಟು ಹೋಗಿ ಫ್ಯಾನು ನಿಂತ ಕೋಣೆಯಲ್ಲಿ ಕೆಲವರನ್ನೂ, ಬೆಳಗಿನ ಎಂಟು ಗಂಟೆಯ ತಂಪಿನಲ್ಲಿ ಕೆಲವರನ್ನೂ ಪರೀಕ್ಷಿಸಿದರೆ ಆ ಎರಡು ಗುಂಪುಗಳನ್ನು ಹೋಲಿಸಲಾಗದು. ಎಲ್ಲರಿಗೂ ಒಂದೇ ಕೋಣೆ, ಒಂದೇ ಹೊತ್ತು ಇರಲಿ; ಕರೆಂಟು ಹೋದರೆ ಏನು ಮಾಡುತ್ತೀರಿ ಎಂಬುದನ್ನು ಮೊದಲೇ ಬರೆದಿಡಿ. ಯಾರ ಅಂಕಿಗಳನ್ನು ಯಾವ ಕಾರಣಕ್ಕೆ ಕೈಬಿಡಬಹುದು ಎಂಬ ನಿಯಮವೂ ಪ್ರಯೋಗಕ್ಕೆ ಮುಂಚೆಯೇ ಕಾಗದದ ಮೇಲಿರಬೇಕು. ಅಂಕಿಗಳನ್ನು ನೋಡಿದ ಮೇಲೆ ನಿಯಮ ಮಾಡುವುದು ಈ ಶಾಸ್ತ್ರಕ್ಕೆ ಅಂಟಿದ ದೊಡ್ಡ ರೋಗ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯ ಫಲಿತಾಂಶ ತೋರಿದ್ದರೆ, ಮರುಪ್ರಯೋಗದಲ್ಲಿ ಶೇ 36 ಮಾತ್ರ ತೋರಿದವು. ಆ ಬಳಿಕ ಯೋಜನೆಯನ್ನು ಮುಂಚಿತವಾಗಿ ನೋಂದಾಯಿಸುವ ಪದ್ಧತಿ ಬಲಗೊಂಡಿದೆ. ಸಣ್ಣ ಪ್ರಯೋಗಕ್ಕೂ ಆ ಶಿಸ್ತನ್ನು ಪಾಲಿಸಿದ ವಿದ್ಯಾರ್ಥಿ ಸಂದರ್ಶನದಲ್ಲಿ ಬೇರೆಯಾಗಿಯೇ ಕಾಣುತ್ತಾನೆ.

ಭಾಗವಹಿಸುವವರಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಬೇಡವೆನಿಸಿದಾಗ ಎದ್ದು ಹೋಗಬಹುದು ಎಂದು ಬಾಯಿಬಿಟ್ಟು ಹೇಳಿ. ಹದಿನೆಂಟು ತುಂಬದ ಪಿಯು ವಿದ್ಯಾರ್ಥಿಗಳಾದರೆ ಪೋಷಕರ ಒಪ್ಪಿಗೆಯೂ ಬೇಕು. ನಿಮ್ಮ ಅಧ್ಯಾಪಕರ ಮತ್ತು ಕಾಲೇಜಿನ ಅನುಮತಿ ಇಲ್ಲದೆ ಆರಂಭಿಸಬೇಡಿ. ಅಂಕಿಗಳು ಬಂದ ಮೇಲೆ ಪ್ರತಿಯೊಬ್ಬರ ಎರಡು ಸಮಯಗಳ ವ್ಯತ್ಯಾಸ ತೆಗೆದು, ಜೋಡಿ ಟಿ-ಪರೀಕ್ಷೆ ಮಾಡಿ, ಆ ವ್ಯತ್ಯಾಸ ಎಷ್ಟು ದೊಡ್ಡದೆಂದು ಹೇಳುವ ಪರಿಣಾಮದ ಗಾತ್ರವನ್ನೂ ಲೆಕ್ಕ ಹಾಕಿ, ಹತ್ತು ಹನ್ನೆರಡು ಪುಟಗಳ ವರದಿ ಬರೆಯಿರಿ.

ಇದೇ ಪ್ರಯೋಗವನ್ನು ಒಂದು ಹೆಜ್ಜೆ ಮುಂದೆ ಒಯ್ದರೆ ನಿಮ್ಮ ಊರೇ ನಿಮಗೆ ಬಂಡವಾಳವಾಗುತ್ತದೆ. ಸಿರುಗುಪ್ಪದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ರಾಯಚೂರು ನಗರದಲ್ಲಿ ಮನೆಯ ಉರ್ದು, ಬೀದಿಯ ಕನ್ನಡ ಮತ್ತು ತೆಲುಗು. ಬಣ್ಣದ ಹೆಸರುಗಳನ್ನು ತೆಲುಗಿನಲ್ಲಿ ಅಚ್ಚು ಮಾಡಿ ಉತ್ತರವನ್ನು ಕನ್ನಡದಲ್ಲಿ ಹೇಳಿಸಿದರೆ ತಡವರಿಕೆ ಎಷ್ಟಾಗುತ್ತದೆ? ಓದುವ ಭಾಷೆಯೂ ಉತ್ತರಿಸುವ ಭಾಷೆಯೂ ಬೇರೆಯಾದಾಗ ತಡೆ ಸಾಮಾನ್ಯವಾಗಿ ಕಡಿಮೆ ಎಂದು ಇತರ ಭಾಷೆಗಳ ಅಧ್ಯಯನಗಳು ತೋರಿಸಿವೆ. ಲಿಪಿಗಳು ಕನ್ನಡ-ತೆಲುಗಿನಷ್ಟು ಹತ್ತಿರವಿದ್ದಾಗ ಏನಾಗುತ್ತದೆ ಎಂಬುದು ಸಿರುಗುಪ್ಪದ ತರಗತಿಯಲ್ಲಿ ಕುಳಿತೇ ಪರೀಕ್ಷಿಸಬಹುದಾದ ಪ್ರಶ್ನೆ.

ನಾಲ್ಕನೆಯ ಹಂತ: ಎಲ್ಲಿ ಓದಬೇಕು

ಎರಡು ಬಗೆಯ ದಾರಿಗಳಿವೆ. ಒಂದು, ಮನೋವಿಜ್ಞಾನದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯ, ಕಲಬುರಗಿ ಬಳಿ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇವು ನಮ್ಮ ಭಾಗದವರಿಗೆ ಸಹಜ ಆಯ್ಕೆಗಳು. ಇನ್ನೊಂದು, ಪ್ರಾಯೋಗಿಕ ಮನೋವಿಜ್ಞಾನವೇ ಕಂಪ್ಯೂಟರ್, ಭಾಷಾಶಾಸ್ತ್ರ, ನರವಿಜ್ಞಾನಗಳೊಂದಿಗೆ ಸೇರಿ ರೂಪುಗೊಂಡಿರುವ ಅರಿವಿನ ವಿಜ್ಞಾನ, ಅಂದರೆ ಕಾಗ್ನಿಟಿವ್ ಸೈನ್ಸ್. ಅಲಹಾಬಾದ್ ವಿಶ್ವವಿದ್ಯಾಲಯದ ವರ್ತನಾ ಮತ್ತು ಅರಿವಿನ ವಿಜ್ಞಾನಗಳ ಕೇಂದ್ರ, ಗಾಂಧಿನಗರ, ದೆಹಲಿ ಮತ್ತು ಕಾನ್ಪುರದ ಐಐಟಿಗಳು, ಹೈದರಾಬಾದ್ ವಿಶ್ವವಿದ್ಯಾಲಯದ ನರ ಮತ್ತು ಅರಿವಿನ ವಿಜ್ಞಾನಗಳ ಕೇಂದ್ರ ಇವೆಲ್ಲ ಆ ಬಗೆಯವು. ಪ್ರಯೋಗವನ್ನೇ ಬದುಕಾಗಿಸಿಕೊಳ್ಳುವ ಮನಸ್ಸಿದ್ದವರಿಗೆ ನಾನು ಎರಡನೆಯದನ್ನೇ ಮೊದಲು ಸೂಚಿಸುತ್ತೇನೆ. ರಾಯಚೂರಿನವರಿಗಂತೂ ಹೈದರಾಬಾದು ಬೆಂಗಳೂರಿಗಿಂತ ಬಹಳ ಹತ್ತಿರ. ಅದನ್ನು ಪರರಾಜ್ಯವೆಂದು ಪಟ್ಟಿಯಿಂದ ತೆಗೆದುಹಾಕಬೇಡಿ. ಬಹುತೇಕ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಸಿಯುಇಟಿ-ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಐಐಟಿಗಳ ಕ್ರಮ ಬೇರೆ, ಆಯಾ ವರ್ಷದ ಅಧಿಸೂಚನೆಯನ್ನು ನೋಡಿಯೇ ಮುಂದುವರಿಯಿರಿ.

ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಮೊದಲು ಸಂವಿಧಾನದ 371(ಜೆ) ವಿಧಿಯಡಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆದಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳ ಮೀಸಲಾತಿ ಇದೆ. ಫಲಿತಾಂಶ ಬಂದ ಮೇಲೆ ಓಡಾಡಲು ಶುರುಮಾಡಿದರೆ ಕೊನೆಯ ದಿನಾಂಕ ಕೈತಪ್ಪಬಹುದು.

ಸಂಸ್ಥೆಯ ಹೆಸರಿಗಿಂತ ವಿಭಾಗದ ಒಳಗನ್ನು ನೋಡಿ. ಅಲ್ಲಿ ಕಿರುಪ್ರಬಂಧ ಕಡ್ಡಾಯವೇ? ಅದರಲ್ಲಿ ವಿದ್ಯಾರ್ಥಿಗಳು ಪ್ರಶ್ನಾವಳಿ ಹಂಚಿ ಮುಗಿಸುತ್ತಾರೋ, ಪ್ರಯೋಗ ನಡೆಸುತ್ತಾರೋ? ಕಣ್ಣಿನ ಚಲನೆ ಅಳೆಯುವ ಉಪಕರಣ ಅಥವಾ ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಯಂತ್ರ ಇದ್ದರೆ ಅದನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ, ಬೀರುವಿನಲ್ಲಿ ಬೀಗ ಹಾಕಿಟ್ಟಿರುತ್ತಾರೆಯೇ? ಅಧ್ಯಾಪಕರು ಕಳೆದ ನಾಲ್ಕೈದು ವರ್ಷಗಳಲ್ಲಿ ಏನು ಪ್ರಕಟಿಸಿದ್ದಾರೆ? ಇದನ್ನೆಲ್ಲ ಅಲ್ಲಿ ಈಗ ಓದುತ್ತಿರುವ ವಿದ್ಯಾರ್ಥಿಯೊಬ್ಬರನ್ನು ಹಿಡಿದು ಕೇಳಿ. ಮಾಹಿತಿ ಪುಸ್ತಿಕೆ ಹೇಳದ್ದನ್ನು ಅವರು ಹೇಳುತ್ತಾರೆ.

ಐದನೆಯ ಹಂತ: ಪಿಎಚ್.ಡಿ. ಮತ್ತು ಅದರ ಖರ್ಚು

ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ 5 ರಿಯಾಯಿತಿ ಇದೆ. ಅಧ್ಯಾಪನ ಮತ್ತು ಸಂಶೋಧನೆಯ ಅರ್ಹತೆಗಾಗಿ ದೇಶಮಟ್ಟದಲ್ಲಿ ನಡೆಯುವ ಯುಜಿಸಿ-ನೆಟ್ ಪರೀಕ್ಷೆಯಲ್ಲಿ ಮೊದಲ ಪತ್ರಿಕೆಗೆ 100, ವಿಷಯ ಪತ್ರಿಕೆಗೆ 200 ಅಂಕ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುವುದರಿಂದ ಎರಡನೆಯ ಹಂತದಲ್ಲಿ ಹೇಳಿದ ಓದು ಇಲ್ಲಿ ಫಲ ಕೊಡುತ್ತದೆ. 2024ರಿಂದ ನೆಟ್ ಅಂಕಗಳೇ ಪಿಎಚ್.ಡಿ. ಪ್ರವೇಶಕ್ಕೂ ಸಲ್ಲುತ್ತವೆ. ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ದೊರೆತರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000, ಜೊತೆಗೆ ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಹೊಲದ ಆದಾಯವನ್ನೇ ನಂಬಿದ ಮನೆಯಿಂದ ಬಂದವರಿಗೆ ಈ ಮೊತ್ತ ಅಧ್ಯಯನವನ್ನು ಸಾಧ್ಯವಾಗಿಸುತ್ತದೆ, ಹಾಗಾಗಿ ಸ್ನಾತಕೋತ್ತರದ ಎರಡನೆಯ ವರ್ಷದಿಂದಲೇ ತಯಾರಿ ನಡೆಸಿ. ಐಐಟಿಗಳತ್ತ ನೋಡುವವರು ಗೇಟ್ ಪರೀಕ್ಷೆಯನ್ನೂ ಬರೆಯಬಹುದು. 2021ರಿಂದ ಅದರ ಮಾನವಿಕ ಮತ್ತು ಸಮಾಜ ವಿಜ್ಞಾನ ಪತ್ರಿಕೆಯಲ್ಲಿ ಮನೋವಿಜ್ಞಾನದ ವಿಭಾಗವಿದೆ.

ವಿಷಯದ ಆಯ್ಕೆಯಲ್ಲಿ ಅಮೆರಿಕದ ಪ್ರಯೋಗವನ್ನು ಬಳ್ಳಾರಿಯಲ್ಲಿ ಹಾಗೆಯೇ ಪುನರಾವರ್ತಿಸುವುದಕ್ಕೆ ತೃಪ್ತರಾಗಬೇಡಿ. ಮನೋವಿಜ್ಞಾನದ ಪ್ರಮುಖ ನಿಯತಕಾಲಿಕಗಳ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಶೇ 96 ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರೆಂದೂ, ಆ ದೇಶಗಳಲ್ಲಿರುವುದು ಜಗತ್ತಿನ ಶೇ 12 ಜನಸಂಖ್ಯೆ ಮಾತ್ರವೆಂದೂ 2010ರಲ್ಲಿ ಹೆನ್ರಿಕ್, ಹೈನೆ ಮತ್ತು ನೊರೆನ್‌ಜಾಯನ್ ಎತ್ತಿ ತೋರಿಸಿದರು. ಕನ್ನಡವನ್ನೇ ಕೇಂದ್ರವಾಗಿಟ್ಟು ನಡೆದ ಕೆಲಸಕ್ಕೆ ಜಗತ್ತು ಕಿವಿಗೊಟ್ಟ ನಿದರ್ಶನವೂ ಇದೆ: ಮಕ್ಕಳು ಕನ್ನಡದ ಅಕ್ಷರ, ಕಾಗುಣಿತ, ಒತ್ತಕ್ಷರಗಳನ್ನು ಕಲಿಯುವ ವೇಗದ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲಿಷ್ ಕಲಿಯುವ ಮಕ್ಕಳಿಗಿಂತ ಇಲ್ಲಿನ ಹಾದಿ ದೀರ್ಘವಾದುದೆಂದು ತೋರಿಸಿತು. ಓದು ಕಲಿಯುವ ಬಗ್ಗೆ ಇಂಗ್ಲಿಷನ್ನಷ್ಟೇ ನೋಡಿ ಕಟ್ಟಿದ ಸಿದ್ಧಾಂತಗಳಿಗೆ ಇಂಥ ಕೆಲಸ ದೊಡ್ಡ ತಿದ್ದುಪಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ಶಾಖೋತ್ಪನ್ನ ಸ್ಥಾವರಗಳಲ್ಲಿ ಪಾಳಿಯಲ್ಲಿ ದುಡಿಯುವವರ ನಿದ್ರೆ ಮತ್ತು ಎಚ್ಚರ, ಬಿಸಿಲಿನಲ್ಲಿ ಕೆಲಸ ಮಾಡುವವರ ತೀರ್ಮಾನಶಕ್ತಿ ಇವೂ ಗಂಭೀರ ಸಂಶೋಧನೆಗೆ ಯೋಗ್ಯ. ಮಾರ್ಗದರ್ಶಕರಿಗೆ ಮೊದಲ ಪತ್ರ ಬರೆಯುವಾಗ ಅವರ ಒಂದು ಲೇಖನವನ್ನು ನಿಜವಾಗಿ ಓದಿ, ಅದರಿಂದ ಹುಟ್ಟಿದ ನಿಮ್ಮದೊಂದು ಪ್ರಶ್ನೆಯನ್ನು ಬರೆದು, ಮೂರನೆಯ ಹಂತದ ವರದಿಯನ್ನು ಲಗತ್ತಿಸಿ.

ವಿದೇಶದ ಬಗ್ಗೆ ಸಂಕ್ಷೇಪವಾಗಿ: ಅಮೆರಿಕದಲ್ಲಿ ಪಿಎಚ್.ಡಿ. ಸಾಮಾನ್ಯವಾಗಿ ಐದಾರು ವರ್ಷಗಳದ್ದು, ಬೋಧನೆ ಅಥವಾ ಸಂಶೋಧನಾ ಸಹಾಯಕತ್ವದ ಮೂಲಕ ಶುಲ್ಕವೂ ಜೀವನವೆಚ್ಚವೂ ಸಿಗುತ್ತವೆ, ಅರ್ಜಿಗಳ ಕೊನೆಯ ದಿನಾಂಕ ಬಹುತೇಕ ಡಿಸೆಂಬರಿನ ಆಸುಪಾಸು. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರಕ್ಕೆ ಸಾಲ ಮಾಡಿ ಹೋಗುವುದನ್ನು ನಾನು ಒಪ್ಪುವುದಿಲ್ಲ; ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಹೋಗಿ.

ಆರನೆಯ ಹಂತ: ಉದ್ಯೋಗದ ಲೆಕ್ಕ

ಪ್ರಾಯೋಗಿಕ ಮನೋವಿಜ್ಞಾನಿ ಬೇಕಾಗಿದ್ದಾರೆ ಎಂಬ ಜಾಹೀರಾತು ನಮ್ಮ ಮೂರು ಜಿಲ್ಲೆಗಳಲ್ಲಿ ಕಾಣಿಸುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಹುಪಾಲು ಕೆಲಸ ಬೆಂಗಳೂರು, ಹೈದರಾಬಾದು, ದೆಹಲಿಗಳಲ್ಲಿದೆ, ಮತ್ತು ಅದು ಬೇರೆ ಹೆಸರುಗಳಲ್ಲಿರುತ್ತದೆ.

ಅಧ್ಯಾಪನ ಎಲ್ಲರಿಗೂ ಗೊತ್ತಿರುವ ದಾರಿ. ನೆಟ್ ಅಥವಾ ರಾಜ್ಯದ ಕೆ-ಸೆಟ್ ಅರ್ಹತೆಯೊಂದಿಗೆ ಸಹಾಯಕ ಪ್ರಾಧ್ಯಾಪಕರಾದರೆ ಯುಜಿಸಿ ಶ್ರೇಣಿಯ ಆರಂಭಿಕ ಮೂಲವೇತನ ₹57,700. ಆದರೆ ಖಾಯಂ ಹುದ್ದೆಗಳ ನೇಮಕಾತಿ ವರ್ಷಗಟ್ಟಲೆ ಕಾಯಿಸುತ್ತದೆ. ಅತಿಥಿ ಉಪನ್ಯಾಸಕರಾಗಿ ಕಾಯುತ್ತ ಸಂಶೋಧನೆಯನ್ನು ನಿಲ್ಲಿಸಿಬಿಡುವುದು ಈ ದಾರಿಯ ಅತಿ ದೊಡ್ಡ ನಷ್ಟ.

ಸರ್ಕಾರದೊಳಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ತಾಣಗಳಿವೆ. ರೈಲ್ವೆಯ ಸಹಾಯಕ ಲೋಕೋ ಪೈಲಟ್ (ರೈಲು ಚಾಲಕ) ಹುದ್ದೆಗೆ ಅರ್ಜಿ ಹಾಕಿದ ನಮ್ಮ ಭಾಗದ ಹುಡುಗರು ಕಂಪ್ಯೂಟರ್ ಮುಂದೆ ಕುಳಿತು ಎದುರಿಸುವ ಅಭಿಕ್ಷಮತಾ ಪರೀಕ್ಷೆಯನ್ನೇ ನೋಡಿ. ಪ್ರತಿ ಭಾಗದಲ್ಲೂ ಕನಿಷ್ಠ 42 ಟಿ-ಅಂಕ (ಇತರರಿಗೆ ಹೋಲಿಸಿ ಲೆಕ್ಕ ಹಾಕುವ ಅಂಕ) ಬಾರದಿದ್ದರೆ ಉಳಿದ ಎಲ್ಲ ಪರೀಕ್ಷೆಗಳಲ್ಲಿ ಮುಂದಿದ್ದರೂ ಅವರು ಹೊರಗುಳಿಯುತ್ತಾರೆ. ಗಮನ, ನೆನಪು, ಗ್ರಹಿಕೆಯ ವೇಗಗಳನ್ನು ಅಳೆಯುವ ಆ ಪರೀಕ್ಷೆಗಳ ಹಿಂದೆ ರೈಲ್ವೆಯ ಸಂಶೋಧನಾ ಸಂಸ್ಥೆಯಾದ ಲಖನೌದ ಆರ್‌ಡಿಎಸ್‌ಒದ ಮನೋತಾಂತ್ರಿಕ ವಿಭಾಗವಿದೆ. ಸೇನಾ ಆಯ್ಕೆಯ ಮನೋಪರೀಕ್ಷೆಗಳ ಹಿಂದೆ ಡಿಆರ್‌ಡಿಒದ ದೆಹಲಿಯ ರಕ್ಷಣಾ ಮನೋವಿಜ್ಞಾನ ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಪೈಲಟ್‌ಗಳ ದೈಹಿಕ, ಮಾನಸಿಕ ಕ್ಷಮತೆಯನ್ನು ಅಧ್ಯಯನ ಮಾಡುತ್ತದೆ. ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಯೋಜನಾ ಸಹಾಯಕರ ತಾತ್ಕಾಲಿಕ ಹುದ್ದೆಗಳು ಆಗಾಗ ಪ್ರಕಟವಾಗುತ್ತವೆ.

ಖಾಸಗಿ ವಲಯದಲ್ಲಿ ಬೆಂಗಳೂರಿನ ತಂತ್ರಜ್ಞಾನ ಕಂಪನಿಗಳ ಬಳಕೆದಾರರ ಸಂಶೋಧನೆ, ಅಂದರೆ ಯುಎಕ್ಸ್ ರಿಸರ್ಚ್, ಈ ತರಬೇತಿಗೆ ನೇರವಾಗಿ ಹೊಂದುವ ಕೆಲಸ. ಆ್ಯಪಿನ ಯಾವ ಪುಟದಲ್ಲಿ ಜನ ತಡವರಿಸುತ್ತಾರೆ, ಎರಡು ವಿನ್ಯಾಸಗಳಲ್ಲಿ ಯಾವುದು ಸುಲಭ ಎಂದು ಅಳೆಯುವುದು ಸ್ಟ್ರೂಪ್ ಹಾಳೆಯ ತರ್ಕವೇ. ಕನ್ನಡ, ತೆಲುಗು, ಉರ್ದು ಬಲ್ಲವರು ಹಳ್ಳಿಯ ಬಳಕೆದಾರರೊಂದಿಗೆ ಕುಳಿತು ಪರೀಕ್ಷೆ ನಡೆಸಬಲ್ಲರು. ಇಂಗ್ಲಿಷಷ್ಟೇ ಬಲ್ಲವರಿಗೆ ಅದು ಆಗದು. ಮಾರುಕಟ್ಟೆ ಸಂಶೋಧನೆ, ದತ್ತಾಂಶ ವಿಶ್ಲೇಷಣೆ, ಪರೀಕ್ಷಾ ವಿನ್ಯಾಸದ ಸಂಸ್ಥೆಗಳಲ್ಲೂ ಇದೇ ಕೌಶಲಕ್ಕೆ ಬೇಡಿಕೆ ಇದೆ. ಅಲ್ಲಿಗೆ ಕಳಿಸುವ ಸ್ವವಿವರದಲ್ಲಿ ಪಠ್ಯಪತ್ರಿಕೆಗಳ ಹೆಸರುಗಳನ್ನು ತುಂಬುವ ಬದಲು, ಯಾವ ಪ್ರಶ್ನೆಯನ್ನು ಎಷ್ಟು ಜನರ ಮೇಲೆ ಯಾವ ವಿಧಾನದಿಂದ ಪರೀಕ್ಷಿಸಿ ಏನನ್ನು ಕಂಡಿರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ, ಲೆಕ್ಕಾಚಾರದ ಕಡತಗಳು ಸಿಗುವ ಕೊಂಡಿಯನ್ನು ಕೊಡಿ.

ಮನೆಯವರೊಂದಿಗೆ ಕಾಲದ ಲೆಕ್ಕವನ್ನು ಮುಚ್ಚಿಡದೆ ಮಾತಾಡಿ. ಪದವಿಯ ನಂತರ ಸ್ನಾತಕೋತ್ತರಕ್ಕೆ ಎರಡು ವರ್ಷ, ಪಿಎಚ್.ಡಿ.ಗೆ ಕನಿಷ್ಠ ಮೂರು, ಸಾಮಾನ್ಯವಾಗಿ ಐದು. ಸ್ನಾತಕೋತ್ತರ ಮುಗಿದ ಎರಡು ವರ್ಷಗಳಲ್ಲಿ ಜೆಆರ್‌ಎಫ್ ಕೈಗೆ ಬಾರದಿದ್ದರೆ ಮನೆಯಲ್ಲಿ ಕುಳಿತು ಅದಕ್ಕಾಗಿಯೇ ಓದುತ್ತಿರಬೇಡಿ. ಯೋಜನಾ ಸಹಾಯಕ ಹುದ್ದೆಗೋ ಬಳಕೆದಾರರ ಸಂಶೋಧನೆಯ ಆರಂಭಿಕ ಕೆಲಸಕ್ಕೋ ಸೇರಿ, ಅಲ್ಲಿಂದಲೇ ಮುಂದಿನ ಪರೀಕ್ಷೆ ಬರೆಯಿರಿ. ಜೆಆರ್‌ಎಫ್ ವಯೋಮಿತಿ 30 ವರ್ಷ, ಮಹಿಳೆಯರಿಗೂ ಮೀಸಲು ವರ್ಗಗಳಿಗೂ 5 ವರ್ಷದ ಸಡಿಲಿಕೆ ಇರುವುದರಿಂದ ಅದಕ್ಕೆ ಸಮಯ ಸಾಕಷ್ಟು ಉಳಿದಿರುತ್ತದೆ.